ಕ್ಷಿಪಣಿಯಲ್ಲದ ಹಂಡೆ

ಜಗತ್ತಿನ ಎರಡು ದೊಡ್ಡ ಸರಕಾರಗಳು ಕೂತು ಮಾತಾಡಿ, ತಮ್ಮ ಮಧ್ಯಮ ದೂರದ ಕ್ಷಿಪಣಿಗಳನ್ನೆಲ್ಲ ಒಡೆದುಹಾಕುವುದೆಂದು ಸಹಿ ಹಾಕಿದಾಗ ಒಬ್ಬ ಮನುಷ್ಯನನ್ನು ಕೇಳಲು ಮರೆತಿದ್ದವು. ಅವನು ನನ್ನ ಪಕ್ಕದ ಮನೆಯ ಸೈಲ್ಖಾನ್. ಕೇಳಿದ್ದರೆ ಅವನೇನೂ ಬೇಡ ಎನ್ನುತ್ತಿರಲಿಲ್ಲ. ತನ್ನ ಸ್ನಾನದ ಹಬೆಮನೆಯೊಂದನ್ನು ಒಪ್ಪಂದದಿಂದ ಹೊರಗಿಡಿ ಎಂದು ಕೈಮುಗಿಯುತ್ತಿದ್ದ, ಅಷ್ಟೆ.

ನಮ್ಮ ಹಳ್ಳಿ ತಾಸ್ಬುಲಾಕ್ ಇರುವುದು ಮಾಸ್ಕೋದಿಂದ ಬಹು ದೂರ, ಸರಿಯೋಜೆಕ್ ರೈಲು ನಿಲ್ದಾಣದ ಆಚೆ, ಹುಲ್ಲುಗಾವಲಿನ ನಡುವೆ. ಆ ಬೇಸಿಗೆಯಲ್ಲಿ ಗುಡ್ಡದ ಹಿಂದೆ ಸೈನ್ಯದವರು ಕ್ಷಿಪಣಿಗಳನ್ನು ಸಾಲಾಗಿ ಮಲಗಿಸಿ ಸಿಡಿಸುತ್ತಿದ್ದರು. ಸಿಡಿಸುವುದನ್ನು ಕಣ್ಣಾರೆ ನೋಡಿಕೊಂಡು ಹೋಗಲು ಅಮೆರಿಕದವರು ಬರುತ್ತಿದ್ದರು. ಒಂದೊಂದು ಸದ್ದಿಗೂ ನಮ್ಮ ಕಿಟಕಿ ಗಾಜು ನಡುಗುತ್ತಿತ್ತು, ಚಹಾ ಕಾಯಿಸುವ ಸಮೋವಾರಿನ ಮುಚ್ಚಳ ಕುಣಿಯುತ್ತಿತ್ತು. ಕುದುರೆ ಹಾಲು ಕಡಿಮೆ ಕೊಟ್ಟರೂ ಕ್ಷಿಪಣಿಯೇ ಕಾರಣ, ಸೊಸೆ ಎದುರು ಮಾತಾಡಿದರೂ ಕ್ಷಿಪಣಿಯೇ ಕಾರಣ. ನಾನು ಶಾಲೆಯಲ್ಲಿ ಭೂಗೋಳ ಹೇಳುವವನು. ಬೋರ್ಡಿನ ಮೇಲೆ ನಾನೇ ನದಿಯನ್ನು ತಪ್ಪು ದಿಕ್ಕಿಗೆ ಹರಿಸಿ, ತಪ್ಪನ್ನು ಸದ್ದಿನ ಮೇಲೆ ಹಾಕಿದ್ದುಂಟು.

ಸೈಲ್ಖಾನ್ ಕುರಿ ಫಾರ್ಮಿನಲ್ಲಿ ಮೇವಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಕೆಲಸದಲ್ಲಿ ಕೈ ಚುರುಕು, ಮಾತಿನಲ್ಲಿ ನಾಲಿಗೆ ಅದಕ್ಕಿಂತ ಚುರುಕು. ಹಳೆಯ ಹಾಲು ಸಂಗ್ರಹ ಕೇಂದ್ರ ಮುಚ್ಚಿದಾಗ ಅಲ್ಲಿ ಮೂಲೆಗೆ ಬಿದ್ದಿದ್ದ ಉಕ್ಕಿನ ಟ್ಯಾಂಕೊಂದನ್ನು ಕೇಳಿ ತಂದು, ಅದರ ಸುತ್ತ ಮಣ್ಣಿನ ಇಟ್ಟಿಗೆಯಲ್ಲಿ ಹಬೆಮನೆ ಕಟ್ಟಿದ. ಟ್ಯಾಂಕು ಮನೆಗಿಂತ ಉದ್ದವಾಯಿತು. ಹಿಂಭಾಗ ಒಳಗೆ ಒಲೆಯ ಮೇಲೆ ಕೂತಿತು. ಚೂಪು ಮೂತಿಯ ಮುಂಭಾಗ ಗೋಡೆ ತೂರಿ ರಸ್ತೆಯ ಕಡೆ ಮುಖ ಮಾಡಿ ಹೊರಗೆ ಉಳಿಯಿತು. ಊರಿನಲ್ಲೇ ಅಂಥ ಹಂಡೆ ಇನ್ನೊಂದಿರಲಿಲ್ಲ. ಇದ್ದ ದೋಷ ಒಂದೇ. ಚೆನ್ನಾಗಿ ಕಾದಾಗ ಅದು ಹಾಲು ಉಕ್ಕಿದ ವಾಸನೆ ಬಿಡುತ್ತಿತ್ತು.

ಅದಕ್ಕೆ ಹಿಂದಿನ ಶರತ್ಕಾಲದಲ್ಲಿ ಅವನ ಮಗಳು ಝಿಬೆಕ್‌ಗೆ ನಿಶ್ಚಿತಾರ್ಥದ ಓಲೆ ತೊಡಿಸಲು ಗಂಡಿನ ಕಡೆಯವರು ಪಟ್ಟಣದಿಂದ ಬಂದರು. ಬೀಗರ ಹೆಸರು ಒಮಿರ್ಜಾಕ್. ಯಾವುದೋ ಕಾರ್ಖಾನೆಯ ಉಗ್ರಾಣದ ಮುಖ್ಯಸ್ಥರು, ತೂಕದ ಮನುಷ್ಯ, ಮಾತೂ ತೂಕದ್ದೇ. ಬಂದದ್ದು ದೊಡ್ಡ ಅಧಿಕಾರಿಗಳು ಓಡಾಡುವಂಥ ಕಪ್ಪು ವೋಲ್ಗಾ ಕಾರಿನಲ್ಲಿ. ಬಾಗಿಲು ತೆಗೆದು ಇಳಿದು, "ನಮ್ದೇ ಗಾಡಿ" ಎಂದರು. ಊರಿನ ಮಕ್ಕಳು ಸಂಜೆವರೆಗೆ ಅದರ ಬಾಗಿಲಿನಲ್ಲಿ ಮುಖ ನೋಡಿಕೊಂಡರು. ಊಟದ ನಡುವೆ ತಮ್ಮ ಮನೆಗೆ ಫೋನ್ ಹಾಕಿಸಿದ ವಿಷಯ ಹೇಳಿದರು. ಸೈಲ್ಖಾನ್ ಒಂದೊಂದಕ್ಕೂ ತಲೆಯಾಡಿಸುತ್ತ ಒಂದೊಂದು ಇಂಚು ಕುಗ್ಗಿದ. ಅವನ ಹತ್ತಿರ ತಿರುಗಿ ಹೇಳಲು ಏನೂ ಇರಲಿಲ್ಲ.

ಊಟವಾದ ಮೇಲೆ ಬೀಗರನ್ನು ಹಬೆಮನೆಗೆ ಕರೆದೊಯ್ದ. ಜೊತೆಗೆ ನಾನೂ ಇದ್ದೆ, ಮೇಲಿನ ಹಲಗೆಯ ಮೇಲೆ ಬೆವರುತ್ತ ಕೂತಿದ್ದೆ. ಬೀಗರು ಟ್ಯಾಂಕನ್ನು ಬೆರಳ ಗಂಟಿನಿಂದ ತಟ್ಟಿ ನೋಡಿದರು.

"ಬಲೇ ಗಟ್ಟಿ ಇದೆಯಲ್ಲ ಬೀಗ್ರೇ, ಎಲ್ಲಿಂದ ತಂದ್ರಿ ಈ ಹಂಡೇನ?"

"ಅದಾ?" ಎಂದ ಸೈಲ್ಖಾನ್, ಅದೇನೂ ಮಹಾ ಅಲ್ಲ ಎನ್ನುವ ಹಾಗೆ. "ಕ್ಷಿಪಣಿದು."

ಬೀಗರ ಕೈಯಲ್ಲಿದ್ದ ಚೊಂಬು ಗಾಳಿಯಲ್ಲೇ ನಿಂತಿತು. ಅವರು ಒಮ್ಮೆ ಮೂಗೆಳೆದುಕೊಂಡು, "ಹೌದಾ" ಎಂದರು. ಆಮೇಲೆ ನೀರು ಸುರಿದುಕೊಂಡು ಸುಮ್ಮನಾದರು. ಆ ಮೌನವನ್ನು ಸೈಲ್ಖಾನ್ ಬೆರಗು ಎಂದುಕೊಂಡ. ಅವತ್ತು ರಾತ್ರಿ ಅವನಿಗೆ ಬಂದಂಥ ಸುಖನಿದ್ರೆ ಅದಕ್ಕೆ ಮೊದಲು ಬಂದಿರಲಿಲ್ಲವೆಂದು ಆಮೇಲೆ ಅವನೇ ಹೇಳಿದ.

ಸುಳ್ಳನ್ನು ಹೇಳಿ ಬಿಟ್ಟುಬಿಡುವುದು ಬೇರೆ, ಅದನ್ನು ಸಾಕುವುದು ಬೇರೆ. ಸೈಲ್ಖಾನ್ ಸಾಕಿದ. ವಸಂತ ಬರುತ್ತಿದ್ದ ಹಾಗೆ ಟ್ರ್ಯಾಕ್ಟರಿಗೆ ಬಳಿಯುವ ಹಸಿರು ಬಣ್ಣ ತಂದು ಟ್ಯಾಂಕಿಗೆ ಬಳಿದ. ಮೂತಿಯ ಹತ್ತಿರ ಬಿಳಿ ಬಣ್ಣದಲ್ಲಿ ಒಂದು ನಂಬರನ್ನೂ ಬರೆದ.

"ಏನೂಂದ್ರೆ, ಅದ್ಯಾವ ನಂಬರು?" ಎಂದು ಹೆಂಡತಿ ಕುಲ್ಯಾಶ್ ಬಟ್ಟೆ ಒಣಹಾಕುತ್ತ ಕೇಳಿದಳು.

"ಅದು ರಹಸ್ಯ."

"ನಮ್ಮ ಹಂಡೆ ವಿಷಯ ನನಗೂ ರಹಸ್ಯವಾ?"

"ನಿನಗೇನು, ನನಗೂ ಗೊತ್ತಿಲ್ಲ. ರಹಸ್ಯ ಅಂದ್ರೆ ಹಾಗೇ ಇರುತ್ತೆ."

ಹೀಗಿರುವಾಗ ಒಂದು ಮಧ್ಯಾಹ್ನ ಅಮೆರಿಕದವರನ್ನು ಕರೆದೊಯ್ಯುತ್ತಿದ್ದ ಬಸ್ಸು ನಮ್ಮೂರ ಮುಂದೆ ನಿಧಾನವಾಯಿತು. ಕುರಿಮಂದೆ ಅಡ್ಡ ಬಂದಿತ್ತು. ಕಿಟಕಿಯಲ್ಲಿ ಕನ್ನಡಕದ ಒಂದು ಉದ್ದ ಮುಖ ಕಾಣಿಸಿತು. ಅದು ಕುರಿಗಳನ್ನು ನೋಡಿತು, ನನ್ನನ್ನು ನೋಡಿತು, ಆಮೇಲೆ ಸೈಲ್ಖಾನನ ಗೋಡೆಯಿಂದ ಹೊರಬಂದು ರಸ್ತೆಗೆ ಗುರಿಯಿಟ್ಟು ಸಣ್ಣಗೆ ಹಬೆಯಾಡುತ್ತಿದ್ದ ಹಸಿರು ಮೂತಿಯನ್ನು ನೋಡಿತು. ನೋಡುತ್ತಲೇ ಇತ್ತು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಆ ಮುಖ ಹಿಂದಕ್ಕೆ ತಿರುಗಿಯೇ ಇತ್ತು.

ಮರುದಿನ ಗ್ರಾಮ ಸಮಿತಿಯ ಅಧ್ಯಕ್ಷ ಬೈಮುರತ್ ಓಡಿಬಂದ. ನಮ್ಮ ಅಧ್ಯಕ್ಷ ಓಡುವುದು ಅಪರೂಪ. ಓಡಿದರೆ ಮೇಲಿನವರು ಫೋನ್ ಮಾಡಿದ್ದಾರೆಂದೇ ಅರ್ಥ.

"ಸೈಲ್ಖಾನ್, ನಿಜ ಹೇಳು. ಅದು ಕ್ಷಿಪಣೀನಾ?"

ಸೈಲ್ಖಾನ್ ಸುತ್ತ ನೋಡಿದ. ಬೇಲಿಯಾಚೆ ನಾಲ್ಕಾರು ಜನ ಕೂಡಿದ್ದರು. "ಪೂರ್ತಿ ಅಲ್ಲ" ಎಂದ.

"ಅಯ್ಯೋ ದೇವರೇ! ಎಷ್ಟು ಕ್ಷಿಪಣಿ ಇದೆ ಅಂತ ಮಾಸ್ಕೋದವರು ಅಮೆರಿಕಕ್ಕೆ ಲೆಕ್ಕ ಕೊಟ್ಟಾಗಿದೆ ಕಣಪ್ಪಾ. ಅದರಲ್ಲಿ ನಿನ್ನ ಹೆಸರಿಲ್ಲ!"

"ನನ್ನನ್ನ ಯಾರೂ ಕೇಳ್ಲಿಲ್ಲ."

ಬೈಮುರತ್ ತಲೆಯ ಮೇಲೆ ಕೈಹೊತ್ತು ಬೇಲಿಯ ಬುಡದಲ್ಲಿ ಕುಳಿತ. ಆಮೇಲೆ ಎದ್ದು, ದೊಡ್ಡ ಕಂಬಳಿ ತರಿಸಿ ಟ್ಯಾಂಕಿನ ಮೂತಿಗೆ ಹೊದಿಸಿದ. ಹೊದಿಸಿದ ಮೇಲೆ ಅದು ಕಂಬಳಿ ಹೊದ್ದ ಕ್ಷಿಪಣಿಯಂತೆಯೇ ಕಾಣುತ್ತಿತ್ತು.

ಸಂಜೆಗೆ ಸೈನ್ಯದ ಜೀಪು ಬಂತು. ಇಳಿದವರು ಕ್ಯಾಪ್ಟನ್ ಪಖೋಮೊವ್, ನಿದ್ದೆಗೆಟ್ಟ ಕಣ್ಣಿನ ರಷ್ಯನ್. ಬೈಮುರತ್ ಇನ್ನೂ ಅಲ್ಲೇ ಕಂಬಳಿ ಕಾಯುತ್ತಿದ್ದ. ಅವರು ಕಂಬಳಿ ಎತ್ತಿದರು, ಟ್ಯಾಂಕನ್ನು ಒಮ್ಮೆ ತಟ್ಟಿದರು, ಬಗ್ಗಿ ಮೂಸಿದರು.

"ಇದು ಹಾಲಿನ ಟ್ಯಾಂಕು" ಎಂದರು.

ಸೈಲ್ಖಾನ್ ಗಾಬರಿಯಿಂದ ಓಡಿ ಗೇಟು ಹಾಕಿದ. "ಮೆಲ್ಲಗೆ ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ! ಮಗಳ ಮದುವೆ ವಿಷಯ. ಬೀಗರ ಮುಂದೆ ಇದನ್ನ ಕ್ಷಿಪಣಿ ಅಂದುಬಿಟ್ಟಿದ್ದೀನಿ."

ಕ್ಯಾಪ್ಟನ್ ಎತ್ತಿದ್ದ ಕಂಬಳಿಯನ್ನು ಕೆಳಗೆ ಬಿಟ್ಟರು. "ಅಮೆರಿಕದವರೂ ಹಾಗೇ ಅಂದ್ಕೊಂಡಿದ್ದಾರೆ" ಎಂದರು.

"ಹಾಗಾದ್ರೆ ಈಗಲೇ ಬಣ್ಣ ಕೆರೆದುಹಾಕ್ತೀನಿ."

"ಮುಟ್ಟಬೇಡ! ಇವತ್ತು ಬಣ್ಣ ಕೆರೆದ್ರೆ ನಾಳೆ ಅವರು ಹಸಿರಿದ್ದದ್ದು ಎಲ್ಲಿ ಹೋಯ್ತು ಅಂತಾರೆ. ಹಳ್ಳ ತೋಡಿ ಹೂತ್ರೆ ಬಚ್ಚಿಟ್ಟ ಅಂತಾರೆ. ಒಪ್ಪಂದದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಬಚ್ಚಿಡೋದು. ಅಧ್ಯಕ್ಷರೇ, ಆ ಕಂಬಳಿ ತೆಗೀರಿ. ಎಲ್ಲಾ ಬಯಲಿಗೆ ಕಾಣೋ ಹಾಗಿರ್ಬೇಕು."

"ಆದ್ರೆ ನಿಮಗೆ ಗೊತ್ತಲ್ಲ ಸಾಹೇಬ್ರೇ, ಅದು ಏನೂ ಅಲ್ಲ ಅಂತ."

"ನನಗೆ ಗೊತ್ತು, ನಿನಗೆ ಗೊತ್ತು. ಅದು ಸಾಕಾಗಿದ್ರೆ ಈ ಒಪ್ಪಂದಾನೇ ಬೇಕಾಗಿರ್ಲಿಲ್ಲ. ಅವರಿಗೆ ಗೊತ್ತಾಗ್ಬೇಕು. ಶನಿವಾರ ಬರ್ತಾರೆ. ನೀನೇ ಬಾಯಿಬಿಟ್ಟು ಇದೇನು ಅಂತ ಹೇಳ್ತೀಯಾ. ಅನುಮಾನ ಉಳಿದ್ರೆ ಎರಡೂ ಕಡೆಯವರ ಮುಂದೆ ಗರಗಸ ಹಾಕಿ ಎರಡು ತುಂಡು ಮಾಡ್ಬೇಕಾಗುತ್ತೆ."

"ಕ್ಷಿಪಣಿಯಾಗಿತ್ತು, ಈಗ ಅಲ್ಲ ಅಂತ ನೀವೇ ಹೇಳ್ಬಿಡಿ."

"ಆಗಿತ್ತು ಅಂದ್ರೆ ಅದನ್ನೂ ಲೆಕ್ಕಕ್ಕೆ ಸೇರಿಸ್ಬೇಕು!" ಎಂದು ಕ್ಯಾಪ್ಟನ್ ಜೀಪು ಹತ್ತಿದರು.

ಅದೇ ರಾತ್ರಿ ಪಟ್ಟಣದಿಂದ ತಂತಿ ಬಂತು. ಮದುವೆಯ ದಿನ ಗೊತ್ತು ಮಾಡಲು ಬೀಗರು ಬರುತ್ತಿದ್ದಾರೆ. ಶನಿವಾರ.

ನಾನು ಅವತ್ತು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಸೈಲ್ಖಾನನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಹಾಲಿನ ಟ್ಯಾಂಕು ಎಂದರೆ ಬೀಗರ ಮುಂದೆ ಮಾನ ಹೋಯಿತು. ಎನ್ನದಿದ್ದರೆ ಹಂಡೆ ಹೋಯಿತು, ಜೊತೆಗೆ ಇನ್ನೇನೇನು ಹೋಗುವುದೋ. ಝಿಬೆಕ್ ಮೂಲೆಯಲ್ಲಿ ಕೂತು ಹೊಸ ದಿಂಬಿನ ಮೇಲೆ ಹೂವಿನ ಕಸೂತಿ ಹಾಕುತ್ತಿದ್ದಳು. ಸೂಜಿ ನಿಲ್ಲಿಸಿ ಕೇಳಿದಳು:

"ಅಪ್ಪಾ, ಸುಳ್ಳು ಹೇಳಿದ ಮನೆ ಹುಡುಗಿ ಬೇಡ ಅಂದ್ಬಿಡ್ತಾರಾ?"

"ಇಲ್ಲಮ್ಮಾ, ಹಾಗೆಲ್ಲ ಅನ್ನಲ್ಲ" ಎಂದ ಸೈಲ್ಖಾನ್. ಆದರೆ ಹೇಳಿದ್ದು ಬಟ್ಟಲಿನ ಚಹಾಕ್ಕೆ, ಮಗಳಿಗಲ್ಲ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಕನಿಕರವೇ ಸ್ವಲ್ಪ ಜಾಸ್ತಿ. ಆ ಹುಡುಗಿಗೆ ಗಂಡು ಮನಸ್ಸಿಗೆ ಹಿಡಿಸಿದ್ದು ಇಡೀ ಬೀದಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆಯೇ ಬೀಗರು ಹೆಂಡತಿಯೊಡನೆ ಬಂದರು. ಬಂದದ್ದು ಬಸ್ಸಿನಲ್ಲಿ. "ಗಾಡಿ ರಿಪೇರಿಗೆ ಕೊಟ್ಟಿದ್ದೀನಿ" ಎಂದು ಯಾರೂ ಕೇಳುವ ಮೊದಲೇ ಹೇಳಿದರು. ಅಮೆರಿಕದವರು ಮಧ್ಯಾಹ್ನ ಬರುವುದೆಂದಿತ್ತು. ಅದಕ್ಕೆ ಮೊದಲೇ ಬೀಗರಿಗೆ ಸ್ನಾನ ಮಾಡಿಸಿ, ಊಟ ಹಾಕಿ, ಮಲಗಿಸಿಬಿಟ್ಟರೆ ಅವರಿಗೆ ಸುದ್ದಿಯೇ ತಿಳಿಯುವುದಿಲ್ಲವೆಂದು ಸೈಲ್ಖಾನ್ ಲೆಕ್ಕ ಹಾಕಿದ್ದ. ಕುರಿ ಕೊಯ್ದಾಗಿತ್ತು, ಅಂಗಳದ ಕಡಾಯಿಯಲ್ಲಿ ಮಾಂಸ ಬೇಯುತ್ತಿತ್ತು. ಬೀಗರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಬೆಮನೆ ಸೇರಿದರು.

ಆಗಲೇ ರಸ್ತೆಯಲ್ಲಿ ಧೂಳೆದ್ದಿತು. ಅಮೆರಿಕದವರು ಹೇಳಿದ ಹೊತ್ತಿಗಿಂತ ಮುಂಚೆ ಬರುತ್ತಾರೆಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೇಳಿದ ಹೊತ್ತಿಗೆ ಬರುವವರನ್ನೇ ನಾವು ಕಂಡಿರಲಿಲ್ಲ.

ಅಧ್ಯಕ್ಷ ಬೈಮುರತ್‌ಗೆ ಕ್ಯಾಪ್ಟನ್ ಹೇಳಿದ ಮಾತು ನೆನಪಾಯಿತು: ಎಲ್ಲಾ ಬಯಲಿಗೆ ಕಾಣಬೇಕು. ಮೇಲೆ ಆಕಾಶದಿಂದಲೂ ಫೋಟೋ ತೆಗೆಯುತ್ತಾರೆಂದು ಅವನು ಪತ್ರಿಕೆಯಲ್ಲಿ ಬೇರೆ ಓದಿದ್ದ. ಇಬ್ಬರನ್ನು ಕರೆದುಕೊಂಡು ಏಣಿ ಹಾಕಿ ಹಬೆಮನೆಯ ಮಾಡು ಹತ್ತಿದ. ತಗಡುಗಳು ಒಂದೊಂದಾಗಿ ಕೆಳಗೆ ಬಂದವು. ಹಬೆ ಭುಸ್ಸೆಂದು ಮೇಲೆದ್ದಿತು. ಹಬೆ ಕರಗಿದ ಮೇಲೆ ಒಳಗೆ ತಲೆತುಂಬ ಸೋಪಿನ ನೊರೆಯಿಟ್ಟುಕೊಂಡ ಬೀಗರು ಕತ್ತೆತ್ತಿ ಆಕಾಶ ನೋಡುತ್ತಿದ್ದರು. ಆಕಾಶದ ನಡುವೆ ಬೈಮುರತ್ ಇದ್ದ.

"ನಮಸ್ಕಾರ ಬೀಗ್ರೇ, ಪ್ರಯಾಣ ಸುಖವಾಗಿತ್ತಾ?" ಎಂದ ಬೈಮುರತ್. ಬೇರೇನು ಹೇಳಬೇಕೆಂದು ತೋಚಲಿಲ್ಲವಂತೆ.

"ಸುಖವಾಗಿತ್ತು" ಎಂದರು ಬೀಗರು. ಅವರಿಗೂ ಬೇರೇನೂ ತೋಚಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ಕ್ಯಾಪ್ಟನ್, ಒಬ್ಬ ಬಡಕಲು ದುಭಾಷಿ, ಅವರ ಹಿಂದೆ ಬಸ್ಸಿನ ಕಿಟಕಿಯಲ್ಲಿ ಕಂಡಿದ್ದ ಅದೇ ಉದ್ದ ಮುಖ. ಅವರ ಹೆಸರು ಲೊವೆಲ್ ಎಂದು ದುಭಾಷಿ ಹೇಳಿದ. ಲೊವೆಲ್ ಎಲ್ಲರಿಗೂ ಕೈಕುಲುಕಿದರು, ಏಣಿಯ ಮೇಲಿದ್ದ ಬೈಮುರತ್‌ಗೂ ಕೈ ಚಾಚಿದರು. ಆಮೇಲೆ ಟೇಪು ಹಿಡಿದು ಟ್ಯಾಂಕಿನ ಉದ್ದ ಅಳೆಯಲು ಹೋದರು. ಹೊರಗಿನ ಅರ್ಧ ಅಳೆದಾಯಿತು. ಒಳಗಿನ ಅರ್ಧಕ್ಕೆ ಬಾಗಿಲಲ್ಲಿ ಬಗ್ಗಿದವರು ತಟ್ಟನೆ ಹಿಂದೆ ಸರಿದರು.

"ಒಳಗೆ ಒಬ್ಬರಿದ್ದಾರಂತೆ" ಎಂದ ದುಭಾಷಿ.

"ನಮ್ಮ ಬೀಗರು" ಎಂದ ಸೈಲ್ಖಾನ್.

ದುಭಾಷಿ ಅದನ್ನು ಹೇಳಿದ. ಲೊವೆಲ್ ಗೌರವದಿಂದ ಟೋಪಿ ತೆಗೆದರು. ಟೇಪಿನ ಒಂದು ತುದಿಯನ್ನು ಬಾಗಿಲ ಸಂದಿಯಿಂದ ಒಳಗೆ ನೀಡಿದರು. ಒಳಗಿನಿಂದ ಒದ್ದೆ ಕೈಯೊಂದು ಬಂದು ಅದನ್ನು ಹಿಡಿದುಕೊಂಡಿತು. ಹೀಗೆ ಎರಡು ದೇಶಗಳ ಸಹಕಾರದಿಂದ ಅಳತೆ ಮುಗಿಯಿತು.

ಉದ್ದವೇನೋ ಕ್ಷಿಪಣಿಗೆ ಸಾಲದು ಎಂದರು. ಆದರೆ ತುಂಡು ಮಾಡಿ ಉಳಿಸಿಕೊಂಡದ್ದಾಗಿರಬಹುದಲ್ಲ? ನಂಬರು ಯಾಕೆ? ಬಣ್ಣ ಯಾಕೆ? ಮತ್ತೆ ಈ ವಾಸನೆ ಯಾವುದು? ಒಲೆ ಆ ಹೊತ್ತಿಗೆ ಚೆನ್ನಾಗಿ ಹತ್ತಿತ್ತು. ಅಂಗಳದಲ್ಲೆಲ್ಲ ಹಾಲು ಉಕ್ಕಿದ ವಾಸನೆ ತುಂಬಿತ್ತು.

"ಇದರಲ್ಲಿ ಮೊದಲು ಏನು ತುಂಬಿತ್ತು, ಮನೆ ಯಜಮಾನರೇ ಹೇಳ್ಬೇಕು ಅಂತಿದ್ದಾರೆ" ಎಂದ ದುಭಾಷಿ.

ಬೇಲಿಯಾಚೆಯ ಊರು ಬೇಲಿಗೆ ಇನ್ನಷ್ಟು ಒರಗಿತು. ಕ್ಯಾಪ್ಟನ್ ಸೈಲ್ಖಾನನನ್ನೇ ನೋಡಿದರು. ಸೈಲ್ಖಾನ್ ಹಬೆಮನೆಯ ಕಡೆ ನೋಡಿದ, ಕಡಾಯಿಯ ಹತ್ತಿರ ಚಹಾ ಬಟ್ಟಲು ಹಿಡಿದು ನಿಂತಿದ್ದ ಮಗಳ ಕಡೆ ನೋಡಿದ. ಝಿಬೆಕ್ ಹೇಳು ಎನ್ನುವಂತೆ ಅಪ್ಪನಿಗೆ ಸಣ್ಣಗೆ ತಲೆಯಾಡಿಸಿದಳು.

"ಹಾಲು!" ಎಂದು ಸೈಲ್ಖಾನ್ ಕಿರುಚಿದ. ಅಷ್ಟು ಜೋರಾಗಿ ಹೇಳಬೇಕಾದ ಅಗತ್ಯವಿರಲಿಲ್ಲ. "ಹಾಲಿನ ಟ್ಯಾಂಕು ಇದು! ಹುಟ್ಟಿದಾಗಿಂದ ಒಂದು ಸಲಾನೂ ಹಾರಿಲ್ಲ. ಕೆನೆ ಬಿಟ್ರೆ ಬೇರೇನೂ ಹೊತ್ತಿಲ್ಲ. ನಂಬರು ನಾನೇ ಬರ್ದೆ, ಬಣ್ಣ ನಾನೇ ಬಳ್ದೆ. ಬೀಗರು ವೋಲ್ಗಾದಲ್ಲಿ ಬಂದಿದ್ರು, ನನ್ನ ಹತ್ರ ಏನೂ ಇರ್ಲಿಲ್ಲ. ಅದಕ್ಕೇ ಕ್ಷಿಪಣಿ ಅಂದೆ. ಕೊಯ್ಯೋದಿದ್ರೆ ನನ್ನ ನಾಲಿಗೆ ಕೊಯ್ರಿ, ಹಂಡೆ ಬಿಟ್ಬಿಡಿ!"

ದುಭಾಷಿ ತರ್ಜುಮೆ ಮಾಡಲು ಬಾಯಿ ತೆರೆದ. ಅವನಿಗಿಂತ ಮೊದಲು, ಮಾಡು ಕಳಚಿದ ಹಬೆಮನೆಯೊಳಗಿನಿಂದ ದನಿ ಕೇಳಿಸಿತು.

"ಗೊತ್ತಿತ್ತು ಬೀಗ್ರೇ."

ಒಮಿರ್ಜಾಕ್ ಟವೆಲ್ಲು ಸುತ್ತಿಕೊಂಡು ಬಾಗಿಲಿಗೆ ಬಂದರು. ಒಂದು ಕಿವಿಯಲ್ಲಿ ಇನ್ನೂ ನೊರೆಯಿತ್ತು. "ಮೊದಲ ಚೊಂಬಿಗೇ ಗೊತ್ತಾಯ್ತು. ನಂದು ಯಾವ ಕಾರ್ಖಾನೆ ಅಂತ ನೀವು ಕೇಳ್ಲೇ ಇಲ್ಲ. ಬೆಣ್ಣೆ ಕಾರ್ಖಾನೆ! ಅಲ್ಲೇ ತಲೆ ನರೆಯಿಸ್ಕೊಂಡಿದ್ದೀನಿ. ಕಾದ ಹಾಲಿನ ವಾಸನೆ ನನಗೆ ತಿಳಿಯಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ?" ಎಂದರು ಬೀಗರು. ತೂಕದ ಮಾತು ಈಗ ಸ್ವಲ್ಪ ಹಗುರಾಗಿತ್ತು. "ವೋಲ್ಗಾ ನಂದಲ್ಲ, ಕಾರ್ಖಾನೇದು. ಹೊಸ ಡೈರೆಕ್ಟರ್ ಬಂದು ಕಿತ್ಕೊಂಡ. ನಿಮ್ಮ ಮುಚ್ಚಳ ನಾನು ತೆಗೆದ್ರೆ ನನ್ನ ಮುಚ್ಚಳ ನೀವು ತೆಗೀತೀರಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

"ಫೋನೂ ನಮ್ದಲ್ಲ" ಎಂದರು ಬೀಗಿತ್ತಿ ಕಡಾಯಿಯ ಹತ್ತಿರದಿಂದ, ಇದೇ ಸಮಯವೆಂದು. "ಪಕ್ಕದ ಮನೇದು. ನಮ್ಮ ಗೋಡೆಯಾಚೆ ಇಟ್ಟಿದ್ದಾರೆ, ರಿಂಗಾದ್ರೆ ನಮಗೂ ಕೇಳುತ್ತೆ ಅಷ್ಟೆ."

ಕುಲ್ಯಾಶ್ ಹಿಂದೆ ಬೀಳುವವಳಲ್ಲ. "ಒಳಗೆ ಗೋಡೆ ಮೇಲಿರೋ ರತ್ನಗಂಬಳಿ ಮೇಷ್ಟ್ರ ಮನೇದು" ಎಂದಳು.

ಹೌದು, ಅದು ನನ್ನದೇ. ಬೀಗರು ಹೋಗುವವರೆಗೆ ಅದರ ಬಗ್ಗೆ ಚಕಾರ ಎತ್ತಬಾರದೆಂದು ಅವಳೇ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಅಂಗಳದಲ್ಲಿ ಹೀಗೆ ಒಂದು ಕಡೆಯವರು ಒಂದನ್ನು ಕೆಳಗಿಟ್ಟರೆ ಇನ್ನೊಂದು ಕಡೆಯವರು ಇನ್ನೊಂದನ್ನು ಇಡುತ್ತ ಹೋದರು. ದುಭಾಷಿ ಹಣೆಯ ಬೆವರು ಒರೆಸಿಕೊಳ್ಳುತ್ತ ಕಾರು, ಫೋನು, ರತ್ನಗಂಬಳಿ ಎಲ್ಲವನ್ನೂ ಇಂಗ್ಲಿಷಿಗೆ ಹಾಕಿದ. ಲೊವೆಲ್ ಗಂಭೀರವಾಗಿ ಕೇಳಿಸಿಕೊಂಡು ಕ್ಯಾಪ್ಟನ್ ಕಿವಿಯಲ್ಲಿ ಏನೋ ಹೇಳಿದರು. ಕ್ಯಾಪ್ಟನ್ ಪಖೋಮೊವ್ ನಕ್ಕರು. ಆ ಮನುಷ್ಯ ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

"ಏನಂತೆ?" ಎಂದಳು ಕುಲ್ಯಾಶ್.

"ನಮ್ಮ ಎರಡು ಸರಕಾರಗಳಿಗೆ ಈ ಕೆಲಸಕ್ಕೆ ವರ್ಷಾನುಗಟ್ಟಲೆ ಹಿಡೀತಂತೆ. ಅದೂ ಜಿನೀವಾದಲ್ಲಿ ಕೂತು" ಎಂದರು ಕ್ಯಾಪ್ಟನ್.

"ಅಲ್ಲಿ ಅವರಿಗೆ ಊಟಕ್ಕೆ ಏನು ಹಾಕ್ತಿದ್ರೋ" ಎಂದು ಕುಲ್ಯಾಶ್ ಕಡಾಯಿಯ ಮುಚ್ಚಳ ತೆಗೆದಳು.

ಅಂಗಳಕ್ಕೆ ಬಂದವರು ಬಾಯಿಗೆ ರುಚಿ ತಾಗಿಸದೆ ಹೋಗುವುದು ನಮ್ಮಲ್ಲಿ ಇಲ್ಲ. ಹೊರಗಿನ ಊಟ ಮಾಡಬಾರದೆಂದು ಎರಡೂ ಕಡೆ ನಿಯಮವಿತ್ತಂತೆ. ಕುಲ್ಯಾಶ್ ಅದನ್ನು ಕೇಳಿಸಿಕೊಂಡು, "ಹೌದಾ, ಕೂತ್ಕೊಳ್ಳಿ" ಎಂದಳು. ಎಲ್ಲರೂ ಚಾಪೆಯ ಮೇಲೆ ಕೂತರು. ಬೇಯಿಸಿದ ಕುರಿಯ ತಲೆ ದೊಡ್ಡ ತಟ್ಟೆಯಲ್ಲಿ ಬಂದು, ಪದ್ಧತಿಯಂತೆ ಹಿರಿಯ ಅತಿಥಿಯಾದ ಬೀಗರ ಮುಂದೆ ಕೂತಿತು. ಸೈಲ್ಖಾನ್ ತಲೆತಗ್ಗಿಸಿ ಕೊನೆಯಲ್ಲಿದ್ದ. ಬೀಗರು ಇನ್ನೂ ಮದುವೆಯ ಮಾತೆತ್ತಿರಲಿಲ್ಲ. ಝಿಬೆಕ್ ಬಾಗಿಲಿಗೆ ಒರಗಿ ನಿಂತಿದ್ದಳು.

ಬೀಗರು ಚಾಕು ತೆಗೆದುಕೊಂಡರು. ತಿಂದ ಹುಡುಗಿಗೆ ಹೊಲಿಗೆ ಒಲಿಯುತ್ತದೆಂದು ನಾವು ನಂಬುವ ಅಂಗುಳನ್ನು ಬಿಡಿಸಿ ಮೊದಲು ಝಿಬೆಕ್‌ಗೆ ಕೊಟ್ಟರು. "ಹೊಲಿಗೆಯಲ್ಲಿ ಕೈ ಚುರುಕಾಗ್ಲಮ್ಮಾ. ಹುಲ್ಲು ಕೊಯ್ಲು ಮುಗಿದ ಮೇಲೆ ನಮ್ಮ ಮನೆಯ ಹರಿದದ್ದೆಲ್ಲ ನೀನೇ ಹೊಲೀಬೇಕು" ಎಂದರು. ದಿನ ಗೊತ್ತಾದದ್ದು ಹಾಗೆ. ಹುಡುಗಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಸೈಲ್ಖಾನನ ಕಣ್ಣು ತುಂಬಿ ಬಂತು. ನಿಜ ಹೇಳಬೇಕೆಂದರೆ ನನ್ನದೂ.

ನಾಲಿಗೆಯನ್ನು ದುಭಾಷಿಗೆ ಕೊಟ್ಟರು. "ಬೆಳಗಿಂದ ಇವನದೇ ಸವೆದಿದೆ" ಎಂದರು. ಆಮೇಲೆ ಒಂದು ಕಿವಿ ಕೊಯ್ದು ಸುತ್ತ ನೋಡಿದರು. ಕಿವಿಯನ್ನು ನಾವು ಕೊಡುವುದು ಮಕ್ಕಳಿಗೆ, ದೊಡ್ಡವರ ಮಾತು ಕೇಳಲಿ ಎಂದು.

"ಬೀಗ್ರೇ, ಕೈ ಚಾಚಿ" ಎಂದರು ಸೈಲ್ಖಾನ್‌ಗೆ.

ಊರಿಗೆ ಊರೇ ನಕ್ಕಿತು. ಸೈಲ್ಖಾನ್ ಎರಡೂ ಕೈಯಲ್ಲಿ ಕಿವಿ ತೆಗೆದುಕೊಂಡು ತಿಂದ. ಉಳಿದ ತಲೆಯನ್ನು ಬೀಗರು ದೂರದ ಅತಿಥಿಯೆಂದು ಲೊವೆಲ್ ಕಡೆ ತಿರುಗಿಸಿದರು. ಲೊವೆಲ್ ಕುರಿಯನ್ನು ನೋಡಿದರು, ಕುರಿ ಲೊವೆಲ್‌ರನ್ನು ನೋಡಿತು. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ. ಕೊನೆಗೆ ಲೊವೆಲ್ ಕೆನ್ನೆಯ ಮಾಂಸ ಸ್ವಲ್ಪ ತೆಗೆದು ಬಾಯಿಗಿಟ್ಟು, ಚೆನ್ನಾಗಿದೆ ಎಂದು ತಲೆಯಾಡಿಸಿದರು. ಹೊರಡುವಾಗ ಜೇಬಿನಿಂದ ಸೀಮೆಸುಣ್ಣ ತೆಗೆದು ಟ್ಯಾಂಕಿನ ಮೂತಿಯ ಮೇಲೆ ಒಂದು ಅಡ್ಡಗೆರೆ ಎಳೆದರು. ನೋಡಿಯಾಯಿತು, ಇದು ಅಲ್ಲ ಎಂದು ಅದರ ಅರ್ಥವಂತೆ.

ಮದುವೆ ಚೆನ್ನಾಗಿಯೇ ಆಯಿತು. ರತ್ನಗಂಬಳಿ ನನ್ನ ಗೋಡೆಗೆ ಬಂತು. ಕ್ಷಿಪಣಿಗಳು ಮುಗಿದವು, ಕಿಟಕಿ ಗಾಜು ಸುಮ್ಮನಾಯಿತು, ನನ್ನ ನದಿಗಳು ತಪ್ಪಾಗಿ ಹರಿದರೆ ದೂರಲು ಏನೂ ಉಳಿಯಲಿಲ್ಲ. ಸೈಲ್ಖಾನ್ ಕೆಲವು ದಿನ ಬಹಳ ಕಡಿಮೆ ಮಾತಾಡಿದ.

ಆಮೇಲೊಂದು ದಿನ ಅವನ ಮನೆಗೆ ಹೋದಾಗ ಪಕ್ಕದ ಊರಿನ ಇಬ್ಬರು ಹಬೆಮನೆಯ ಮುಂದೆ ನಿಂತಿದ್ದರು. ಸೈಲ್ಖಾನ್ ಸೀಮೆಸುಣ್ಣದ ಗೆರೆಗೆ ಮಳೆ ಬೀಳದ ಹಾಗೆ ಪುಟ್ಟದೊಂದು ತಗಡಿನ ಮಾಡು ಮಾಡಿ ಹಾಕಿದ್ದ. ಅದರ ಕೆಳಗೆ ಬೆರಳು ತೋರಿಸಿ ಹೇಳುತ್ತಿದ್ದ:

"ಕ್ಷಿಪಣಿಯೇನು, ಸಾವಿರ ಇತ್ತು, ಎಲ್ಲಾ ಒಡೆದುಹಾಕಿದ್ರು. ಆದ್ರೆ ಎರಡು ಸರಕಾರಗಳು ಮನೆ ಬಾಗಿಲಿಗೆ ಬಂದು, ಅಳೆದು ನೋಡಿ, ಇದು ಕ್ಷಿಪಣಿ ಅಲ್ಲ ಅಂತ ಒಪ್ಕೊಂಡಿರೋ ಹಂಡೆ ಇನ್ನೊಂದು ತೋರಿಸಿ ನೋಡೋಣ!"

ಬಂದವರು ಬೆರಗಾಗಿ ಟೋಪಿ ತೆಗೆದರು. ಕುಲ್ಯಾಶ್ ಒಣಹಾಕುತ್ತಿದ್ದ ಬಟ್ಟೆಯನ್ನು ಹಿಂಡಿ ಕೊಡವಿ, ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ಅವತ್ತು ಬೀಗರು ತಿನ್ನಿಸಿದ ಅಂಥಾ ಒಳ್ಳೇ ಕಿವಿ, ಸುಮ್ಮನೆ ದಂಡವಾಯ್ತು."